ಇಂದಾಯ್ ಎಂದು ಕರೆದವಳು

ಸಾಲ್ವಿಂಗ್‌ಳ ಮುಖ ಇರಲಿ, ದನಿ ಬೇಡ ಎಂದು ನಿರ್ಮಾಪಕ ದೆಲ್ಫಿನ್ ತೀರ್ಮಾನಿಸಿಯಾಗಿತ್ತು. ಹೇಳುವ ಧೈರ್ಯವೊಂದು ಬಾಕಿಯಿತ್ತು. ಅದಕ್ಕಾಗಿ ಅವಳನ್ನು ಡಬ್ಬಿಂಗ್ ಸ್ಟುಡಿಯೋಗೆ ಕರೆಸಿದ, ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದ, ಸಕ್ಕರೆ ಹಚ್ಚಿ ಕರಿದ ಬಾಳೆಹಣ್ಣಿನ ತುರೊನ್ ತರಿಸಿ ಕೊಟ್ಟ, ಮಂಡಿನೋವು ಈಗ ಹೇಗಿದೆ ಎಂದು ವಿಚಾರಿಸಿದ. ಇಷ್ಟು ಉಪಚಾರ ನಡೆಯುವಾಗಲೇ ಏನೋ ಎಡವಟ್ಟಾಗಿದೆ ಎಂದು ಸಾಲ್ವಿಂಗ್‌ಗೆ ವಾಸನೆ ಬಡಿಯಿತು. ಕೆಲಸದವಳ ಪಾತ್ರ ಮಾಡುವ ನಟಿಯ ಮಂಡಿಯ ಬಗ್ಗೆ ಸಿನಿಮಾದವರು ಸುಮ್ಮಸುಮ್ಮನೆ ಕೇಳುವುದಿಲ್ಲ.

“ಆಲಿಂಗ್ ಸಾಲ್ವಿಂಗ್, ನಿಮ್ಮ ಅಭಿನಯ ನೋಡಿ ನಂಗೆ ಮೈ ಜುಂ ಅಂತು,” ಎಂದ ದೆಲ್ಫಿನ್, ಹಿರಿಯ ಹೆಂಗಸರ ಹೆಸರಿಗೆ ಹಚ್ಚುವ ‘ಆಲಿಂಗ್’ ಸೇರಿಸಿ. “ಆದ್ರೆ ಕೊನೆ ಸೀನಲ್ಲಿ ನಿಮ್ಮ ಊರ ಭಾಷೆ ಬಂದುಬಿಟ್ಟಿದೆಯಲ್ಲ, ಅದನ್ನ ಡಬ್ಬಿಂಗ್ ಮಾಡೋ ಗ್ಲೆಂಡಾ ಕೈಲಿ ಮನಿಲಾದ ತಗಾಲೊಗ್‌ನಲ್ಲಿ ಹೇಳಿಸ್ತೀನಿ. ಸ್ವಲ್ಪ ಕಿರುಚಿ, ಸ್ವಲ್ಪ ಅತ್ತು.”

“ಕೊನೆ ಸೀನ್ ಒಂದೇನಾ?”

ದೆಲ್ಫಿನ್ ಕನ್ನಡಕ ತೆಗೆದು ಒರೆಸಿಕೊಂಡ. “ಒಂದು ಸೀನಿಗೆ ಒಂದು ದನಿ, ಉಳಿದಿದ್ದಕ್ಕೆ ಇನ್ನೊಂದು ದನಿ ಅಂದ್ರೆ ಆಗಲ್ಲವಲ್ಲ. ಪೂರ್ತಿ ಸಿನಿಮಾ ಅವಳೇ ಮಾತಾಡ್ತಾಳೆ.”

ಸಾಲ್ವಿಂಗ್ ತುರೊನನ್ನು ತಟ್ಟೆಯಲ್ಲಿ ವಾಪಸ್ಸಿಟ್ಟಳು.

ಸಾಲ್ವಾಸ್ಯೋನ್ ಫಮಾತಿದ್, ಎಲ್ಲರ ಬಾಯಲ್ಲಿ ಸಾಲ್ವಿಂಗ್, ಇಲೊಯ್ಲೊ ಸೀಮೆಯ ಮಿಯಾಗಾವೊದವಳು. ಅಲ್ಲಿನ ರೇಡಿಯೋ ನಾಟಕಗಳಲ್ಲಿ ಅವಳ ದನಿ ಬಂತೆಂದರೆ ಮೀನು ಮಾರುವವರು ತಕ್ಕಡಿ ಕೆಳಗಿಟ್ಟು ಕಿವಿಗೊಡುತ್ತಿದ್ದ ಕಾಲವಿತ್ತು. ಮನಿಲಾಕ್ಕೆ ಬಂದ ಮೇಲೆ ಅದೇ ದನಿಗೆ ಸಿಕ್ಕಿದ್ದು ಬರೀ ಕೆಲಸದವಳ ಪಾತ್ರ. ಇಲೊಯ್ಲೊ ಸೀಮೆಯ ಇಲೊಂಗೊ ಭಾಷೆಯವರ ಮಾತಿಗೊಂದು ಎಳೆತವಿದೆ, ವಾಕ್ಯದ ಕೊನೆಗೆ ಬಂದಾಗ ಸ್ವರ ಮೆಲ್ಲಗೆ ಮೇಲೇಳುತ್ತದೆ. ಇವರು ಬೈದರೂ ಜೋಗುಳ ಹಾಡಿದ ಹಾಗಿರುತ್ತದೆ ಎಂದು ಮನಿಲಾದವರು ಆಡಿಕೊಳ್ಳುತ್ತಾರೆ. ಆ ಎಳೆತದಲ್ಲಿ ‘ಅಮ್ಮಾವ್ರೇ, ಅನ್ನ ಸೀದ್ಹೋಯ್ತು’ ಎಂದು ಸಾಲ್ವಿಂಗ್ ಹೇಳಿದರೆ ಇಡೀ ಚಿತ್ರಮಂದಿರ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಹೊಟ್ಟೆಪಾಡು, ಏನು ಮಾಡುವುದು? ಅವಳು ಹೇಳುತ್ತ ಬಂದಳು, ಅವರು ನಗುತ್ತ ಬಂದರು.

‘ಇಂದಾಯ್’ ಎಂಬ ಮಾತಿಗೂ ಇದೇ ಗತಿ ಬಂತು. ಇಲೊಯ್ಲೊದಲ್ಲಿ ಅದು ಮುದ್ದಿನ ಮಾತು. ಮಗಳನ್ನು, ತಂಗಿಯನ್ನು, ಪಕ್ಕದ ಮನೆಯ ಹುಡುಗಿಯನ್ನು ಪುಟ್ಟೀ, ಕಂದಾ ಎಂದಂತೆ ಇಂದಾಯ್ ಎನ್ನುತ್ತಾರೆ. ಬಂಗಲೆಯ ಹುಡುಗಿಯೂ ಇಂದಾಯೇ, ಸೀಗಡಿ ಮಾರುವವಳ ಕೂಸೂ ಇಂದಾಯೇ. ಆ ಕಡೆಯ ಹೆಣ್ಣುಮಕ್ಕಳು ಮನಿಲಾದ ಮನೆಗಳಿಗೆ ಪಾತ್ರೆ ತಿಕ್ಕಲು ಬಂದರು, ಮಾತೂ ಅವರ ಹಿಂದೆಯೇ ಬಂತು, ಬಂದು ಕೆಟ್ಟಿತು. ಮನಿಲಾದಲ್ಲಿ ಇಂದಾಯ್ ಎಂದರೆ ಕೆಲಸದವಳು. ಹೆಸರು ಕೇಳುವಷ್ಟು ಪುರುಸೊತ್ತಿಲ್ಲದವರು ಕೂಗಿ ಕರೆಯುವ ಹೆಸರು ಅದು.

ಈ ಸಿನಿಮಾ ಅವಳಿಗೆ ಸಿಕ್ಕಿದ ಮೊದಲ ದೊಡ್ಡ ಪಾತ್ರ. ಹೆಸರು ‘ಹೂಲಿಂಗ್ ಬನ್ಲಾವ್’, ಅಂದರೆ ಒಗೆದ ಬಟ್ಟೆಯನ್ನು ಕೊನೆಯ ಸಲ ಜಾಲಿಸುವುದು. ಬೆಲೆನ್ ಎಂಬ ತಾಯಿಯ ಮಗಳು ಮನಿಲಾದ ಶ್ರೀಮಂತರ ಮನೆಗೆ ಕೆಲಸಕ್ಕೆ ಹೋಗಿ ಹೆಣವಾಗಿ ಊರಿಗೆ ಬರುತ್ತಾಳೆ. ಮಹಡಿಯಿಂದ ಕಾಲು ಜಾರಿ ಬಿದ್ದಳು ಎಂದು ಮನೆಯವರು ಕೈತೊಳೆದುಕೊಳ್ಳುತ್ತಾರೆ. ತಳ್ಳಿದವಳು ಮನೆಯೊಡತಿಯೇ ಎಂದು ತಾಯಿಗೆ ತಿಳಿಯುತ್ತದೆ. ಅವಳು ಅದೇ ಮನೆಗೆ ಬಟ್ಟೆ ಒಗೆಯಲು ಸೇರಿಕೊಂಡು, ಒಡತಿಯ ನೆಮ್ಮದಿಯನ್ನು ಒಂದೊಂದೇ ಎಳೆಯಾಗಿ ಬಿಚ್ಚುತ್ತ ಹೋಗುತ್ತಾಳೆ. ಒಡತಿಯ ಪಾತ್ರದಲ್ಲಿ ಕೊರಿನಾ ಆರ್ಯೋಲಾ. ಪೋಸ್ಟರಿನಲ್ಲಿ ಕೊರಿನಾ ಹೆಸರಿದ್ದರೆ ಸಾಕು, ಟಿಕೆಟ್ ಖರ್ಚಾಗುತ್ತದೆ.

ಕೊನೆಯ ದೃಶ್ಯ ತೆಗೆದ ದಿನ ಸಾಲ್ವಿಂಗ್ ಬೆಳಗಿನಿಂದ ಕಿರುಚಿದ್ದೇ ಕಿರುಚಿದ್ದು. ಹಿತ್ತಿಲಿನ ಒಗೆಯುವ ಕಟ್ಟೆಯ ಹತ್ತಿರ ಬೆಲೆನ್ ತಾನು ಯಾರೆಂದು ಒಡತಿಗೆ ತಿಳಿಸಬೇಕು. ‘ಮೃಗ ನೀನು, ನನ್ನ ಮಗಳನ್ನು ಕೊಂದವಳು ನೀನು’ ಎಂದು ಬರೆದುಕೊಟ್ಟಿದ್ದರು. ಕೊರಿನಾ ಹೆದರಬೇಕಿತ್ತು. ಆದರೆ ಇಂಥ ಕಿರುಚಾಟ, ಕಪಾಳಮೋಕ್ಷಗಳ ನಡುವೆಯೇ ಟೀವಿ ಧಾರಾವಾಹಿಗಳಲ್ಲಿ ಬೆಳೆದು ದೊಡ್ಡವಳಾದವಳು ಅವಳು. ಅವಳ ಹುಬ್ಬು ಹೆದರುತ್ತಿತ್ತು, ಕಣ್ಣು ಹೆದರುತ್ತಿರಲಿಲ್ಲ. ನಿರ್ದೇಶಕ ರುಬೆನ್, ಸೆಟ್ಟಿನವರ ಪಾಲಿನ ‘ದಿರೆಕ್’, ಮಾನಿಟರಿನ ಮುಂದೆ ಕೂತು ಉಗುರು ಕಚ್ಚುತ್ತಿದ್ದ.

“ತೀತಾ, ಇನ್ನೊಂದ್ಸಲ ಕಿರುಚಿದ್ರೆ ನನ್ನ ಕಿವಿ ತೂತು ಬೀಳುತ್ತೆ, ಹೆದರಿಕೆ ಮಾತ್ರ ಬರಲ್ಲ,” ಎಂದು ಕೊರಿನಾ ನಕ್ಕಳು. ತನಗಿಂತ ಹಿರಿಯ ನಟಿಯರನ್ನೆಲ್ಲ ಅವಳು ಚಿಕ್ಕಮ್ಮನನ್ನು ಕರೆದಂತೆ ತೀತಾ ಎಂದೇ ಕರೆಯುತ್ತಿದ್ದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಇದ್ದುದನ್ನು ಇದ್ದ ಹಾಗೆ ಹೇಳಿದ್ದಳು.

ಮತ್ತೆ ಕ್ಯಾಮೆರಾ ಓಡಿತು. ಸಾಲ್ವಿಂಗ್‌ಳ ಗಂಟಲು ಕಟ್ಟಿತ್ತು. ಕೊರಿನಾ ಒದ್ದೆಯಾದ ಬಿಳಿ ಗೌನಿನಲ್ಲಿ ಚಳಿಗೆ ನಿಜವಾಗಿ ನಡುಗುತ್ತ ನಿಂತಿದ್ದಳು. ಅವಳನ್ನು ನೋಡಿ ಸಾಲ್ವಿಂಗ್ ಬಾಯಿ ತೆರೆದರೆ ಬರೆದುಕೊಟ್ಟ ಮಾತು ಬರಲಿಲ್ಲ, ಮನೆಮಾತು ಬಂತು. ಕಿರುಚಲು ಗಂಟಲಿಲ್ಲದ್ದರಿಂದ ಮೆಲ್ಲಗೆ ಬಂತು.

“ಇಂದಾಯ್, ಬಾ ಇಲ್ಲಿ. ಕೂತ್ಕೋ. ಬಟ್ಟೆ ನೋಡು, ಎಷ್ಟು ಕೊಳೆ ಮಾಡ್ಕೊಂಡಿದೀಯ. ಕೊಡಿಲ್ಲಿ, ಅಮ್ಮ ತೊಳ್ದು ಕೊಡ್ತಾಳೆ.”

ಕೊರಿನಾಗೆ ‘ಇಂದಾಯ್’ ಒಂದು ಬಿಟ್ಟು ಏನೂ ಅರ್ಥವಾಗಲಿಲ್ಲ. ಅವಳು ಹಿಂದೆ ಸರಿದಳು, ಕಾಲು ಸೋಪಿನ ನೀರಿನ ಬೋಗುಣಿಯೊಳಗೆ ಹೋಯಿತು. ತನ್ನ ಮಾತು ಮರೆತು, ದಿಕ್ಕು ತೋಚದೆ ಪಕ್ಕನೆ ನಕ್ಕುಬಿಟ್ಟಳು. ಆ ನಗು ಕಥೆಯಲ್ಲಿ ಎಲ್ಲಿಯೂ ಇರಲಿಲ್ಲ. ಸಾಲ್ವಿಂಗ್ ಕೈಯಲ್ಲಿದ್ದ ಬಟ್ಟೆ ಹಿಂಡುತ್ತ ಆ ನಗು ಮುಗಿಯುವವರೆಗೆ ಕಾದಳು.

“ನಗು, ಇಂದಾಯ್. ಪೂರ್ತಿ ನಕ್ಕುಬಿಡು. ನಂಗೇನೂ ಅವಸರ ಇಲ್ಲ.”

ಕೊರಿನಾಳ ನಗು ಗಂಟಲಿನಲ್ಲೇ ಒಣಗಿತು. ದಿರೆಕ್ ರುಬೆನ್ ಕಟ್ ಹೇಳುವುದನ್ನೇ ಮರೆತ. ಕಟ್ ಎಂದ ಮೇಲೂ ಕೊರಿನಾ ಸಾಲ್ವಿಂಗ್‌ಳ ಹತ್ತಿರ ಸುಳಿಯಲಿಲ್ಲ. ಆಮೇಲೆ ಟವೆಲ್ ಹೊದ್ದುಕೊಂಡು ಬಂದು ಕೇಳಿದಳು, “ಏನಂದ್ರಿ ತೀತಾ ನೀವು?”

“ಬಟ್ಟೆ ಕೊಳೆಯಾಗಿದೆ ಅಂದೆ.”

“ಅಷ್ಟೇನಾ?”

“ಅಷ್ಟೇ.”

“ದೇವರೇ,” ಎಂದು ಕೊರಿನಾ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. “ನಾನು ಸತ್ತೇ ಹೋದೆ ಅಂದ್ಕೊಂಡೆ.”

ಇಂಥ ದೃಶ್ಯವನ್ನು ಈಗ ದೆಲ್ಫಿನ್ ಕಿರುಚಾಟದ ದನಿಯಲ್ಲಿ ಮುಚ್ಚಲು ಹೊರಟಿದ್ದ. ಅವನು ಕೆಟ್ಟವನಲ್ಲ, ಪುಕ್ಕಲ. ಸಿನಿಮಾದಲ್ಲಿ ಕೆಟ್ಟವರಿಗಿಂತ ಪುಕ್ಕಲರು ಮಾಡುವ ಹಾಳು ಜಾಸ್ತಿ.

“ನನ್ನ ಕಷ್ಟಾನೂ ಅರ್ಥ ಮಾಡ್ಕೊಳ್ಳಿ,” ಎಂದ ಅವನು. “ಈ ರಾಗ ಕೇಳಿದ್ರೆ ಮನಿಲಾದವರಿಗೆ ಪೊರಕೆ ನೆನಪಾಗುತ್ತೆ. ಅದ್ರಲ್ಲೂ ಬಟ್ಟೆ ಒಗೆಯೋಳು ಒಡತೀನ ಇಂದಾಯ್ ಅಂದ್ರೆ ಥಿಯೇಟರ್ ಬಿದ್ದು ಬಿದ್ದು ನಗುತ್ತೆ. ಇಷ್ಟು ವರ್ಷ ನೀವೇ ಅಲ್ವಾ ನಗಿಸಿದ್ದು?”

ಆ ಕೊನೆಯ ಮಾತು ಸಾಲ್ವಿಂಗ್‌ಗೆ ನಾಟಿತು. ಕಣ್ಣು ತುಂಬಿ ಬಂತು, ಅದು ಅಳುವಲ್ಲ, ಸಿಟ್ಟು. ತನ್ನ ಮುಖದ ಮೇಲೆ ಗ್ಲೆಂಡಾಳ ದನಿ ಕೂತರೆ ತೆರೆಯ ಮೇಲೆ ತನ್ನದು ಎಂದು ಏನುಳಿಯಿತು? ತುಟಿಯ ಅಲುಗಾಟ. ನಗಿಸುವುದಕ್ಕಾದರೆ ಈ ದನಿ ಆಗುತ್ತದೆ, ಹೆದರಿಸುವುದಕ್ಕೆ ಆಗುವುದಿಲ್ಲ, ಇದು ಯಾವ ಸೀಮೆಯ ನ್ಯಾಯ?

“ಸರ್, ರೇಡಿಯೋದಲ್ಲಿ ನಾವು ಕಿರುಚಿದ್ರೆ ಜನ ದನಿ ಕಡಿಮೆ ಮಾಡ್ತಿದ್ರು,” ಎಂದಳು. “ಮೆಲ್ಲಗೆ ಹೇಳಿದ್ರೆ ಎದ್ದು ಪೆಟ್ಟಿಗೆ ಹತ್ರ ಬರ್ತಿದ್ರು. ನಂಗೆ ಗೊತ್ತಿರೋದು ಅಷ್ಟೇ.”

“ಅದು ಇಲೊಯ್ಲೊ. ಇದು ಮನಿಲಾ.”

ತನ್ನ ಒಂದೆರಡು ಮಾತಿಗೆ ಮತ್ತೆ ದನಿ ಕೊಡಲು ಬಂದಿದ್ದ ಕೊರಿನಾ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಬಂದವಳೇ ಸಾಲ್ವಿಂಗ್ ಬಿಟ್ಟ ತುರೊನ್ ಎತ್ತಿಕೊಂಡು ಕಚ್ಚಿದಳು.

“ಸರ್, ಆ ಸೀನಲ್ಲಿ ನನ್ನ ಮುಖ ನೋಡಿದೀರಲ್ಲ?”

“ನೋಡಿದೀನಿ. ನಿನ್ನ ಜನ್ಮದಲ್ಲೇ ಅಂಥ ಶಾಟ್ ಕೊಟ್ಟಿಲ್ಲ ನೀನು.”

“ಕೊಟ್ಟಿದ್ದು ನಾನಲ್ಲ, ಕೊಡಿಸಿದ್ದು ತೀತಾ. ನಾನು ಹೆದರಿದ್ದು ಆ ಮೆತ್ತನೆ ಮಾತಿಗೆ. ಅದನ್ನ ತೆಗ್ದು ಅಲ್ಲಿ ಕಿರುಚಾಟ ಹಾಕಿದ್ರೆ ನನ್ನ ಮುಖ ಸುಳ್ಳು ಹೇಳಿದಂಗಾಗುತ್ತೆ. ಜನ ಅಂತಾರೆ, ಇವಳ್ಯಾಕೆ ಯಾರೋ ಕೂಗಾಡಿದ್ದಕ್ಕೆ ಹಿಂಗೆ ಬಿಳಿಚ್ಕೊಂಡಳು ಅಂತ.”

“ಜನ ನಕ್ಕರೆ?”

“ನಗ್ತಾರೋ ಇಲ್ವೋ ಜನಾನೇ ಕೇಳಿ. ಡಬ್ ಮಾಡೋಕೆ ಮುಂಚೆ ಒಂದು ಪ್ರದರ್ಶನ ಇಡಿ.”

ದೆಲ್ಫಿನ್ ಯೋಚಿಸಿದ. ಇಬ್ಬರು ನಾಯಕಿಯರನ್ನು ಒಟ್ಟಿಗೆ ಎದುರು ಹಾಕಿಕೊಳ್ಳುವುದು ಅವನಿಗೂ ಬೇಡವಾಗಿತ್ತು. ಕೊನೆಗೆ ಅವನು ಒಂದು ಮಾತಿಗೆ ಬಂದ. ಭಾನುವಾರ ಮಧ್ಯಾಹ್ನ ಕುಬಾವೊ ಪೇಟೆಯ ಚಿತ್ರಮಂದಿರದಲ್ಲಿ ಬಿಟ್ಟಿ ಪ್ರದರ್ಶನ. ಆ ಮಾತಿಗೆ ಒಬ್ಬನೇ ಒಬ್ಬ ನಕ್ಕರೂ ಸೋಮವಾರ ಗ್ಲೆಂಡಾ ಬರುತ್ತಾಳೆ. ಯಾರೂ ನಗದಿದ್ದರೆ ಸಾಲ್ವಿಂಗ್‌ಳ ದನಿಗೆ ಯಾರೂ ಕೈ ಹಚ್ಚುವುದಿಲ್ಲ.

“ಒಬ್ಬನೂ ನಗಬಾರದು ಅಂದ್ರೆ ಹೆಂಗೆ ಸರ್?” ಎಂದಳು ಕೊರಿನಾ. “ಸಾವಿನ ಮನೇಲೂ ಒಬ್ಬ ನಗ್ತಾನೆ.”

“ಆಗ್ಲಿ ಸರ್,” ಎಂದಳು ಸಾಲ್ವಿಂಗ್.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿದ ಜನ ನೇರ ಬಂದು ಸಾಲು ನಿಂತಿದ್ದರು. ಕಾಲೇಜಿನ ಹುಡುಗರು, ಮಕ್ಕಳನ್ನು ಕಟ್ಟಿಕೊಂಡು ಬಂದ ಸಂಸಾರಗಳು, ವಾರದ ರಜೆಯಲ್ಲಿ ತುಟಿಗೆ ಬಣ್ಣ ಹಚ್ಚಿ, ಒಬ್ಬರ ತೋಳಿಗೊಬ್ಬರು ತೋಳು ಸೇರಿಸಿಕೊಂಡು ಬಂದ ಮನೆಗೆಲಸದ ಹುಡುಗಿಯರು. ಸಾಲ್ವಿಂಗ್ ತಲೆಗೆ ವಸ್ತ್ರ ಕಟ್ಟಿಕೊಂಡು ಹಿಂದಿನ ಸಾಲಿನಲ್ಲಿ ಕೂತಳು. ಒಂದು ಪಕ್ಕ ಕೊರಿನಾ, ಮುಖಕ್ಕೆ ಮಾಸ್ಕು, ಕಣ್ಣಿಗೆ ಕಪ್ಪು ಕನ್ನಡಕ. ಇನ್ನೊಂದು ಪಕ್ಕ ದೆಲ್ಫಿನ್, ಪಾಪ್‌ಕಾರ್ನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಒಂದು ಕಾಳೂ ಬಾಯಿಗೆ ಹಾಕದೆ ಕೂತಿದ್ದ.

ಸಿನಿಮಾ ಶುರುವಾಯಿತು. ಕೊರಿನಾ ನಟಿಸಿದ ಒಡತಿಯನ್ನು ಕಂಡರೆ ಯಾರಿಗೂ ಮೊದಲು ಪ್ರೀತಿಯೇ ಹುಟ್ಟಬೇಕು, ಹಾಗೆ ಮಾಡಿದ್ದಳು ಅವಳು. ಕೆಲಸದವರಿಗೆ ಮಿಕ್ಕ ಕೇಕು ಕೊಡುತ್ತಿದ್ದಳು, ಹುಟ್ಟುಹಬ್ಬಕ್ಕೆ ಹಳೇ ಚಪ್ಪಲಿ ಕೊಡುತ್ತಿದ್ದಳು, ಒಬ್ಬರ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಹೊಸದಾಗಿ ಬಂದ ಒಗೆಯುವವಳು “ನನ್ನ ಹೆಸರು ಬೆಲೆನ್, ಅಮ್ಮಾವ್ರೇ” ಎಂದಾಗ “ಆಯ್ತು ಇಂದಾಯ್, ಪರದೆಯೆಲ್ಲ ಬಿಚ್ಚಿ ಒಗಿ” ಎಂದು ಸಿಹಿಯಾಗಿ ನಕ್ಕಳು. ಚಿತ್ರಮಂದಿರದಲ್ಲಿ ಅಲ್ಲಲ್ಲಿ ಕಿಸಕ್ಕೆಂದಿತು. ದೆಲ್ಫಿನ್ ಕತ್ತಲೆಯಲ್ಲಿ ಸಾಲ್ವಿಂಗ್‌ಳ ಕಡೆ ತಿರುಗಿ ನೋಡಿದ. ಸಾಲ್ವಿಂಗ್ ಅವನ ಕಡೆ ತಿರುಗಲಿಲ್ಲ.

ಬೆಲೆನ್ ಬಾಯಿ ತೆರೆದಾಗಲೆಲ್ಲ ಒಂದಿಷ್ಟು ಜನ ನಗಲು ತಯಾರಾಗುತ್ತಿದ್ದುದು ಸಾಲ್ವಿಂಗ್‌ಗೆ ಕೇಳುತ್ತಿತ್ತು. ಅವಳ ಮುಖ ಅವರಿಗೆ ಗೊತ್ತು, ಸೀದ ಅನ್ನ ನೆನಪಿದೆ. ಆದರೆ ಕಥೆ ಮುಂದುವರಿದಂತೆ ನಗುವಿಗೆ ಜಾಗ ಸಿಗಲಿಲ್ಲ. ಮಗಳ ರವಿಕೆಯ ಗುಂಡಿಯೊಂದು ಒಡತಿಯ ಬಟ್ಟೆಗಳ ರಾಶಿಯಲ್ಲಿ ಸಿಕ್ಕಾಗ ಬೆಲೆನ್ ಅದನ್ನು ಬಾಯೊಳಗಿಟ್ಟುಕೊಂಡು ಬಟ್ಟೆ ಒಗೆಯುತ್ತಲೇ ಹೋದಳು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೇದಿಕೊಂಡರು. ಒಡತಿಗೆ ನಿದ್ದೆ ಹೋಯಿತು, ಗೆಳತಿಯರು ಹೋದರು, ಗಂಡ ಹೋದ. ಕೊರಿನಾಳ ಮುಖ ದೃಶ್ಯದಿಂದ ದೃಶ್ಯಕ್ಕೆ ಬಣ್ಣ ಕಳೆದುಕೊಳ್ಳುತ್ತ ಬಂತು.

ಕೊನೆಗೆ ಹಿತ್ತಿಲು ಬಂತು, ಒಗೆಯುವ ಕಟ್ಟೆ ಬಂತು. ಕೊರಿನಾ ಸಾಲ್ವಿಂಗ್‌ಳ ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

“ಇಂದಾಯ್, ಬಾ ಇಲ್ಲಿ,” ಎಂದಿತು ತೆರೆ.

ಎಡಗಡೆಯ ಸಾಲುಗಳಿಂದ ಒಂದು ನಗು ಎದ್ದಿತು. ಒಬ್ಬ ಗಂಡಸು, ದಪ್ಪ ದನಿ, ಎದೆ ತುಂಬ ನಗು. ಸಾಲ್ವಿಂಗ್ ಕಣ್ಣು ಮುಚ್ಚಿಕೊಂಡಳು. ಆಯಿತು, ಮುಗಿಯಿತು ಎಂದುಕೊಂಡಳು. ಇಷ್ಟು ವರ್ಷ ಬಿತ್ತಿದ ನಗು, ಒಬ್ಬನಲ್ಲದಿದ್ದರೆ ಇನ್ನೊಬ್ಬನ ಬಾಯಲ್ಲಿ ಬೆಳೆಯಲೇಬೇಕಿತ್ತು. ತೆರೆಯ ಮೇಲಿನ ಬೆಲೆನ್ ಇದ್ಯಾವುದನ್ನೂ ಕೇಳಿಸಿಕೊಳ್ಳದೆ ಕೊಳೆಯ ಮಾತಾಡಿದಳು, ತೊಳೆದು ಕೊಡುವ ಮಾತಾಡಿದಳು. ಆ ಮನುಷ್ಯ ಇನ್ನೂ ನಗುತ್ತಲೇ ಇದ್ದ. ಅಷ್ಟರಲ್ಲಿ ತೆರೆಯ ಮೇಲೆ ಕೊರಿನಾ ಹಿಂದೆ ಸರಿದಳು, ಕಾಲು ಬೋಗುಣಿಗೆ ಬಿತ್ತು, ಅವಳೂ ನಕ್ಕಳು. ಅವನ ನಗು, ಅವಳ ನಗು ಎರಡೂ ಆ ಕತ್ತಲೆಯಲ್ಲಿ ಒಂದರ ಪಕ್ಕ ಒಂದು ಕೇಳಿಸಿದವು.

ಬೆಲೆನ್ ಬಟ್ಟೆ ಹಿಂಡುತ್ತ ಕಾದಳು. ಅವಳ ಕಣ್ಣು ಕ್ಯಾಮೆರಾದ ಕಡೆಗಿತ್ತು, ಅಂದರೆ ಕೂತವರ ಕಡೆಗಿತ್ತು.

“ನಗು, ಇಂದಾಯ್. ಪೂರ್ತಿ ನಕ್ಕುಬಿಡು. ನಂಗೇನೂ ಅವಸರ ಇಲ್ಲ.”

ದಪ್ಪ ದನಿಯ ನಗು ಅರ್ಧದಲ್ಲಿ ನಿಂತಿತು. ಅವನು ಕೆಮ್ಮಿದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ. ಎಲ್ಲಿಯೂ ಪಾಪ್‌ಕಾರ್ನ್ ಸದ್ದಿಲ್ಲ, ಮಗು ಕೊಸರಾಡಿದ ಸದ್ದೂ ಇಲ್ಲ. ಬೆಲೆನ್ ಒಂದು ಹೆಜ್ಜೆ ಮುಂದಿಟ್ಟಳು. ಮಧ್ಯದ ಸಾಲುಗಳಲ್ಲಿ ಕೂತಿದ್ದ ಮನೆಗೆಲಸದ ಹುಡುಗಿಯರಲ್ಲಿ ಒಬ್ಬಳು, ತಾನು ಎಲ್ಲಿದ್ದೇನೆ ಎಂಬುದನ್ನೇ ಮರೆತು, ಮೆಲ್ಲಗೆ ಹೇಳಿದಳು, “ಬಿಡಬೇಡಮ್ಮಾ.” ಅದು ಇಲೊಂಗೊ ಮಾತು. ಇನ್ನೊಂದು ಮೂಲೆಯಿಂದ ಯಾವಳೋ ಹೂಂಗುಟ್ಟಿದಳು.

ದೀಪ ಹತ್ತಿತು. ಆಮೇಲೆ ಶುರುವಾದ ಚಪ್ಪಾಳೆ ಹೆಸರುಗಳೆಲ್ಲ ತೆರೆಯ ಮೇಲೆ ಹೋಗಿ ಮುಗಿಯುವವರೆಗೂ ನಿಲ್ಲಲಿಲ್ಲ. ಕೊರಿನಾ ಕನ್ನಡಕ, ಮಾಸ್ಕು ಕಿತ್ತೆಸೆದು ಸಾಲ್ವಿಂಗ್‌ಳನ್ನು ಎಬ್ಬಿಸಿ ನಿಲ್ಲಿಸಿದಳು, ತಲೆವಸ್ತ್ರ ಎಳೆದು ತೆಗೆದಳು. ಜನ ಹಿಂದೆ ತಿರುಗಿ ನೋಡಿದರು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಕೈ ಚಾಚಿದವಳು, ಮುಟ್ಟಲೋ ಬೇಡವೋ ಎಂದು ಅಲ್ಲೇ ತಡೆದಳು. ಇಷ್ಟು ವರ್ಷ ಮನಿಲಾ ಸಾಲ್ವಿಂಗ್‌ಳನ್ನು ಕಂಡು ನಕ್ಕಿತ್ತು, ಕರೆದಿತ್ತು, ಬೆನ್ನು ತಟ್ಟಿತ್ತು. ಹೆದರಿ ಕೈ ತಡೆದದ್ದು ಇದೇ ಮೊದಲು. ಅವಳಿಗೆ ಹೇಳಲಾರದಷ್ಟು ಸಂತೋಷವಾಯಿತು. ತಾನೇ ಅಜ್ಜಿಯ ಕೈ ಹಿಡಿದುಕೊಂಡಳು.

“ಒಬ್ಬ ನಕ್ಕ, ಸರ್,” ಎಂದಳು ದೆಲ್ಫಿನ್‌ಗೆ. ಮಾತು ಮಾತೇ.

“ನಕ್ಕಿದ್ದೂ ಕೇಳಿಸ್ತು, ನಿಲ್ಸಿದ್ದೂ ಕೇಳಿಸ್ತು.” ದೆಲ್ಫಿನ್ ಖಾಲಿ ಮಾಡದ ಪಾಪ್‌ಕಾರ್ನ್ ಡಬ್ಬಿಯನ್ನು ಏನು ಮಾಡಬೇಕೆಂದು ತಿಳಿಯದೆ ಅವಳ ಕೈಗೇ ಕೊಟ್ಟ. “ಗ್ಲೆಂಡಾಗೆ ಬರಬೇಡ ಅಂತ ಹೇಳ್ತೀನಿ. ಒಂದೇ ಒಂದು ಕೇಳ್ಕೋತೀನಿ, ಕೆಳಗಡೆ ತಗಾಲೊಗ್‌ನಲ್ಲಿ ಅರ್ಥ ಹಾಕೋಣ. ಚಿಕ್ಕ ಅಕ್ಷರದಲ್ಲಿ.”

“ಬೇಡ ಸರ್.”

“ಅರ್ಥ ಆಗದೆ ಇದ್ರೆ?”

“ಆ ನಕ್ಕೋನಿಗೆ ಆಯ್ತಲ್ಲ.”

ಕೊರಿನಾ ಚಪ್ಪಾಳೆ ತಟ್ಟಿ ನಕ್ಕಳು. ದೆಲ್ಫಿನ್‌ಗೂ ನಗು ಬಂತು, ಪುಕ್ಕಲರಿಗೂ ಗೆಲುವಿನ ರುಚಿ ಬೇಗ ಹತ್ತುತ್ತದೆ. ತನ್ನ ಕಾರಿನಲ್ಲಿ ಮನೆ ಮುಟ್ಟಿಸುತ್ತೇನೆ ಎಂದು ಕೊರಿನಾ ಎಷ್ಟು ಕರೆದರೂ ಸಾಲ್ವಿಂಗ್ ಒಪ್ಪಲಿಲ್ಲ. ಅವಳಿಗೆ ಇವತ್ತು ಜನರ ನಡುವೆ ಹೋಗಬೇಕಿತ್ತು.

ಮರಿಕಿನಾ ಕಡೆ ಹೋಗುವ ಜೀಪ್ನಿ, ಅಂದರೆ ಎದುರುಬದುರು ಬೆಂಚಿನ ಉದ್ದ ಜೀಪು, ಹತ್ತಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಳು. ಸಂಜೆ ಬಿಸಿಲು ಇನ್ನೂ ಇತ್ತು, ಚಾಲಕ ಹಾಡು ಜೋರಾಗಿ ಹಾಕಿದ್ದ. ಅವಳು ಇಳಿಯುವ ಬೇಕರಿಯ ತಿರುವು ಹತ್ತಿರ ಬಂತು. ಜೀಪ್ನಿ ನಿಲ್ಲಿಸಬೇಕಾದರೆ ಮನಿಲಾದವರು ‘ಪಾರಾ’ ಎನ್ನುತ್ತಾರೆ, ಇಲೊಯ್ಲೊದವರು ‘ಲುಗಾರ್ ಲಂಗ್’ ಎನ್ನುತ್ತಾರೆ. ಮನಿಲಾದ ಜೀಪ್ನಿಯಲ್ಲಿ ಮೊದಲ ವಾರ ‘ಲುಗಾರ್ ಲಂಗ್’ ಎಂದು, ಸುತ್ತ ಕೂತವರು ನಕ್ಕು, ಮುಂದಿನ ನಿಲ್ದಾಣದವರೆಗೆ ತಲೆ ತಗ್ಗಿಸಿ ಹೋಗದ ಇಲೊಂಗೊ ಮಾತಿನವರು ಯಾರೂ ಇಲ್ಲ. ಎಲ್ಲರೂ ಬೇಗ ಪಾರಾ ಕಲಿಯುತ್ತಾರೆ. ಸಾಲ್ವಿಂಗ್ ಅಂತೂ ಎಲ್ಲರಿಗಿಂತ ಬೇಗ ಕಲಿತವಳು.

“ಲುಗಾರ್ ಲಂಗ್,” ಎಂದಳು.

ಎದುರು ಕೂತ ಹುಡುಗಿ ತುಟಿ ಕಚ್ಚಿ ನಗು ತಡೆದಳು. ಚಾಲಕ ಕನ್ನಡಿಯಲ್ಲಿ ಒಮ್ಮೆ ನೋಡಿ, ಅರ್ಥವಾಗದೆ, ಮುಂದೆ ಹೋಗುತ್ತಲೇ ಇದ್ದ. ಬೇಕರಿ ಪಕ್ಕದಲ್ಲೇ ಜಾರಿ ಹೋಗುತ್ತಿತ್ತು.

ಸಾಲ್ವಿಂಗ್ ದನಿ ಏರಿಸಲಿಲ್ಲ. ಸ್ವಲ್ಪ ಮುಂದೆ ಬಾಗಿ, ಮಗುವನ್ನು ಮಲಗಿಸುವಷ್ಟು ಮೆಲ್ಲಗೆ, ಪ್ರತಿಯೊಂದು ಅಕ್ಷರವನ್ನೂ ತನ್ನೂರಿನವರು ಎಳೆಯುವಷ್ಟೇ ಎಳೆದು ಹೇಳಿದಳು, “ಲುಗಾ…ರ್ ಲಂ…ಗ್, ಮಗಾ. ನಂಗೇನೂ ಅವಸರ ಇಲ್ಲ.”

ಜೀಪ್ನಿ ಕಿರ್ರೆಂದು ನಿಂತಿತು, ನಿಲ್ಲಿಸಬಾರದೆಂಬ ಫಲಕದ ಕೆಳಗೇ ನಿಂತಿತು. ಚಾಲಕ ಹಾಡು ನಿಲ್ಲಿಸಿ ಹಿಂದೆ ತಿರುಗಿದ. “ಇಳೀರಮ್ಮ, ನಿಧಾನವಾಗಿ ಇಳೀರಿ,” ಎಂದ. ಎದುರಿನ ಹುಡುಗಿ ನಗು ಮರೆತು ಕಾಲು ಮಡಚಿ ದಾರಿ ಬಿಟ್ಟಳು. ಸಾಲ್ವಿಂಗ್ ನಿಧಾನವಾಗಿಯೇ ಇಳಿದಳು.